ಇಂಟರ್ನ್‌ಶಿಪ್ ಹುಡುಕುವ ಮೊದಲು ಎಡಿಟರ್ ಕೈಗೆ ಹತ್ತಿಸಿಕೊಳ್ಳಿ

ಭಾನುವಾರ ಬೆಳಿಗ್ಗೆ ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಯ ಹಾಲ್‌ನಲ್ಲಿ ಐದಾರು ಲ್ಯಾಪ್‌ಟಾಪ್‌ಗಳು ತೆರೆದಿರುತ್ತವೆ. ಮೂರನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಒಬ್ಬಿಬ್ಬರು ಬಿಸಿಎ ಓದುವವರು. ಬಂದವರೆಲ್ಲ ಕೇಳುವುದು ಒಂದೇ: "ಅಕ್ಕಾ, ಇಂಟರ್ನ್‌ಶಿಪ್ ಎಲ್ಲಿ ಸಿಗುತ್ತದೆ?"

ಉತ್ತರ ಹೇಳುವ ಮೊದಲು ನಾನು ಅವರ ಮುಂದೆ ಒಂದು ಪ್ರೋಗ್ರಾಂ ಇಟ್ಟು, ಅದರಲ್ಲಿರುವ ಒಂದು ಹೆಸರನ್ನು ಎಲ್ಲ ಕಡೆಯೂ ಬದಲಿಸಲು ಹೇಳುತ್ತೇನೆ. ಹೆಚ್ಚಿನವರು ಮೌಸ್ ಹಿಡಿದು ಸಾಲು ಸಾಲಾಗಿ ಹುಡುಕುತ್ತಾ ಹೋಗುತ್ತಾರೆ. ಹದಿನೇಳು ಕಡೆ ಇದ್ದದ್ದು ಹದಿನೈದು ಕಡೆ ಬದಲಾಗಿರುತ್ತದೆ, ಎರಡು ಉಳಿದಿರುತ್ತವೆ, ಪ್ರೋಗ್ರಾಂ ನಿಂತುಬಿಡುತ್ತದೆ. ಸಂದರ್ಶನದಲ್ಲಿ ಪರದೆ ಹಂಚಿಕೊಂಡು ಕೋಡ್ ಬರೆಯುವಾಗ ಎದುರಿನವರ ಕಣ್ಣಿಗೆ ಬೀಳುವುದು ಈ ತಡಕಾಟವೇ.

ವಿಷುಯಲ್ ಸ್ಟುಡಿಯೊ ಕೋಡ್ ಹಾಕಿಕೊಳ್ಳಿ. ಮೈಕ್ರೋಸಾಫ್ಟ್ 2015ರಲ್ಲಿ ಹೊರತಂದ ಈ ಎಡಿಟರ್, ಅಂದರೆ ಕೋಡ್ ಬರೆದು ತಿದ್ದುವ ತಂತ್ರಾಂಶ, ಉಚಿತ. ಮೊದಲ ವಾರ ನಾಲ್ಕೇ ಕೀಲಿಗಳು ಸಾಕು. ಹೆಸರಿನ ಮೇಲೆ ಕರ್ಸರ್ ಇಟ್ಟು ಎಫ್2 ಒತ್ತಿದರೆ ಅದು ಬಳಕೆಯಾದ ಕಡೆಯೆಲ್ಲ ಒಟ್ಟಿಗೆ ಬದಲಾಗುತ್ತದೆ. ಎಫ್12 ಒತ್ತಿದರೆ ಆ ಹೆಸರು ಹುಟ್ಟಿದ ಜಾಗಕ್ಕೆ ಹೋಗುತ್ತೀರಿ. ಕಂಟ್ರೋಲ್ ಜೊತೆ ಪಿ ಒತ್ತಿ ಯಾವುದೇ ಫೈಲ್ ತೆರೆಯಬಹುದು. ಕಂಟ್ರೋಲ್, ಶಿಫ್ಟ್, ಎಫ್ ಮೂರನ್ನೂ ಒತ್ತಿದರೆ ಇಡೀ ಫೋಲ್ಡರ್‌ನಲ್ಲಿ ಹುಡುಕಬಹುದು. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವವರು ಎಡಿಟರ್‌ಗೆ ಪೈಥಾನ್ ಎಕ್ಸ್‌ಟೆನ್ಶನ್ ಎಂಬ ಪೂರಕ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಎಫ್2 ಉಪಯೋಗಕ್ಕೆ ಬರುವುದಿಲ್ಲ. ಕೋಡನ್ನು ತಾನೇ ಪೂರ್ತಿ ಮಾಡಿಕೊಡುವ ಎಐ ಸೌಲಭ್ಯವನ್ನು ಮೊದಲ ಎರಡು ತಿಂಗಳು ಆಫ್ ಮಾಡಿಡಿ. ಈ ವಿಷಯದಲ್ಲಿ ನಾನು ಹಟಮಾರಿ.

ವಿಮ್ ಕೂಡ ಸ್ವಲ್ಪ ಬರಬೇಕು. ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ಈ ಎಡಿಟರ್, ಅಥವಾ ಇದರ ಹಿರಿಯಕ್ಕನಂತಿರುವ ವಿಐ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಸರ್ವರ್‌ಗಳಲ್ಲೂ ಇರುತ್ತದೆ. ಕೆಲಸಕ್ಕೆ ಸೇರಿದ ಮೇಲೆ ದೂರದ ಸರ್ವರ್‌ನಲ್ಲಿ ಒಂದು ಸಾಲು ತಿದ್ದಬೇಕಾಗಿ ಬಂದಾಗ ಮೌಸ್ ಇರುವುದಿಲ್ಲ. ಐ ಒತ್ತಿ ಬರೆಯಿರಿ, ಎಸ್ಕೇಪ್ ಒತ್ತಿ ಬರೆಯುವ ಸ್ಥಿತಿಯಿಂದ ಹೊರಬನ್ನಿ, ಕೋಲನ್ ಹಾಕಿ ಡಬ್ಲ್ಯು, ಕ್ಯೂ ಬರೆದು ಎಂಟರ್ ಒತ್ತಿದರೆ ಉಳಿಸಿ ಮುಚ್ಚುತ್ತದೆ. ಡಿ ಎರಡು ಸಲ ಒತ್ತಿದರೆ ಸಾಲು ಅಳಿಯುತ್ತದೆ, ಯು ಒತ್ತಿದರೆ ಮರಳಿ ಬರುತ್ತದೆ. ಜೊತೆಗೇ ಬರುವ ವಿಮ್‌ಟ್ಯೂಟರ್ ಪಾಠ ಅರ್ಧ ಗಂಟೆಯದು.

ಇನ್ನು ಪ್ರಾಜೆಕ್ಟ್. ನಾನು ಹೆಚ್ಚು ಒತ್ತು ಕೊಡುವುದು ಇದಕ್ಕೆ. ಎಲ್ಲರೂ ಮಾಡುವ ಗ್ರಂಥಾಲಯ ನಿರ್ವಹಣೆಯ ಪ್ರಾಜೆಕ್ಟ್ ಬೇಡ; ನಿಮ್ಮ ಮನೆಯವರಿಗೆ ಬೇಕಾದದ್ದನ್ನು ಮಾಡಿ. ಜಗಳೂರು ಕಡೆಯ ಒಬ್ಬ ವಿದ್ಯಾರ್ಥಿನಿಯ ಅಪ್ಪ ಮೆಕ್ಕೆಜೋಳ ಬೆಳೆಯುತ್ತಾರೆ. ಮಾರುಕಟ್ಟೆಯ ಧಾರಣೆಯನ್ನು ದಿನವೂ ಪಟ್ಟಿ ಮಾಡುವ ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದಳು. ಎಲ್ಲ ಸರಿ ಇತ್ತು, ಆದರೆ ಮೆಕ್ಕೆಜೋಳದ ಸಾಲಿನಲ್ಲಿ ಮಾತ್ರ ಬೆಲೆ ತನ್ನ ಕಾಲಮ್‌ನಿಂದ ಪಕ್ಕಕ್ಕೆ ಸರಿದು ನಿಂತಿತ್ತು. ಎರಡು ಭಾನುವಾರ ಅದರ ಹಿಂದೆ ಬಿದ್ದಳು. ನಮ್ಮ ಕಣ್ಣಿಗೆ ಮೆ, ಕ್ಕೆ, ಜೋ, ಳ ಎಂದು ನಾಲ್ಕು ಅಕ್ಷರ. ಪೈಥಾನ್ ಎಣಿಸಿದ್ದು 9. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಕ್ಕೆ ಎಂಬುದೊಂದೇ ನಾಲ್ಕು ಸಂಕೇತ: ಕ, ಹಲಂತ, ಮತ್ತೆ ಕ, ಆಮೇಲೆ ಎತ್ವ. ಖಾಲಿ ಜಾಗ ಬಿಡುವಾಗ ಪೈಥಾನ್ ಈ ಎಣಿಕೆಯನ್ನೇ ಹಿಡಿದದ್ದರಿಂದ ಬೆಲೆ ಸರಿದಿತ್ತು. ಇದನ್ನು ಕಂಡುಕೊಂಡ ಬಗೆಯನ್ನು, ಸರಿಪಡಿಸಿದ ರೀತಿಯನ್ನು ಅವಳು ಕೋಡ್ ಇಟ್ಟು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಪ್ರಾಜೆಕ್ಟಿನ ಪರಿಚಯ ಪುಟದಲ್ಲಿ ಬರೆದಿಟ್ಟಳು. ಸಂದರ್ಶನದ ಅರ್ಧ ಹೊತ್ತು ಅದೇ ಮಾತಾಯಿತಂತೆ. ಅವಳಿಗೆ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು.

ಹುಡುಕುವಾಗ ಮೊದಲು ನಿಮ್ಮ ಕಾಲೇಜಿನಿಂದ ಎರಡು ಮೂರು ವರ್ಷ ಹಿಂದೆ ಹೊರಬಂದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿ. ಊರಿನವರು ಎಂದರೆ ಉತ್ತರ ಕೊಡುವ ಮನಸ್ಸು ಅವರಿಗೆ ಇದ್ದೇ ಇರುತ್ತದೆ. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿಯಾದ ಎಐಸಿಟಿಇಯ ಇಂಟರ್ನ್‌ಶಿಪ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. ಅದರಲ್ಲಿ ಮನೆಯಲ್ಲೇ ಕುಳಿತು ಮುಕ್ತ ತಂತ್ರಾಂಶಕ್ಕೆ, ಅಂದರೆ ಕೋಡ್ ಎಲ್ಲರಿಗೂ ತೆರೆದಿರುವ ತಂತ್ರಾಂಶಕ್ಕೆ, ಕೆಲಸ ಮಾಡಬಹುದು, ಗೌರವಧನವೂ ಉಂಟು. ಅರ್ಜಿ ಕರೆಯುವವರೆಗೆ ಕಾಯದೆ, ಆರಿಸಿಕೊಂಡ ತಂತ್ರಾಂಶದಲ್ಲಿ ಡಿಸೆಂಬರ್‌ನಿಂದಲೇ ಸಣ್ಣ ತಪ್ಪುಗಳನ್ನು ತಿದ್ದಿ ಕಳುಹಿಸುತ್ತಿರಿ.

ಹಣ ಕೇಳುವ ಇಂಟರ್ನ್‌ಶಿಪ್ ಮಾತ್ರ ಬೇಡ. ಕೊನೆಯ ವರ್ಷದಲ್ಲಿ ನಾನು ಒಂದು ತರಬೇತಿ ಕೇಂದ್ರಕ್ಕೆ ನಾಲ್ಕು ಸಾವಿರ ರೂಪಾಯಿ ಕಟ್ಟಿದ್ದೆ. ಅಮ್ಮ ಚೀಟಿ ಎತ್ತಿ ಕೊಟ್ಟ ಹಣ ಅದು. ಹತ್ತು ದಿನ ಯಾರೋ ಮಾಡಿಟ್ಟ ಕೋಡನ್ನು ನಕಲು ಮಾಡಿಸಿ, ಬಣ್ಣದ ಸರ್ಟಿಫಿಕೇಟ್ ಕೊಟ್ಟರು. ಹನ್ನೆರಡು ವರ್ಷದ ನನ್ನ ಕೆಲಸದಲ್ಲಿ ಅದನ್ನು ತೋರಿಸಿ ಎಂದು ಒಬ್ಬರೂ ಕೇಳಿಲ್ಲ. ಆ ಹಣದ ನೆನಪಾದರೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಇಮೇಲ್ ಆರು ಸಾಲು ದಾಟದಿರಲಿ: ನೀವು ಯಾರು, ಏನು ಮಾಡಿದ್ದೀರಿ, ಅದರ ಕೊಂಡಿ, ಅವರ ಕಂಪನಿಯ ಯಾವ ಕೆಲಸ ನಿಮಗೆ ಹಿಡಿಸಿತು, ಯಾವ ತಿಂಗಳಿಂದ ಬಿಡುವು. ಒಂದೇ ಪತ್ರವನ್ನು ಐವತ್ತು ಜನರಿಗೆ ಕಳುಹಿಸಬೇಡಿ. ಹತ್ತು ದಿನ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ.

ಸಂದರ್ಶನದ ಹಿಂದಿನ ರಾತ್ರಿ ಗೆಳತಿಯ ಜೊತೆ ವಿಡಿಯೊ ಕರೆಯಲ್ಲಿ ಪರದೆ ಹಂಚಿಕೊಂಡು ನೋಡಿ. ಕಂಟ್ರೋಲ್ ಜೊತೆ ಪ್ಲಸ್ ಒತ್ತಿ ಅಕ್ಷರ ದೊಡ್ಡದು ಮಾಡಿ, ವಾಟ್ಸಾಪ್ ಮುಚ್ಚಿ. ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತದೆ. ಬ್ಯಾಟರಿ ತುಂಬಿಸಿಟ್ಟುಕೊಂಡು, ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪನ್ನು ಮೊದಲೇ ಒಮ್ಮೆ ಜೋಡಿಸಿ ನೋಡಿರಿ.