ಆರ್‌ಎಫ್ ಸೂಜಿಯ ತುದಿ ತಂಪಾಗಿಡುವುದು ಹೇಗೆ

ರೇಡಿಯೋ ಆವರ್ತನದ (ಆರ್‌ಎಫ್) ಕರೆಂಟ್ ಹರಿಸುವ ಸೂಜಿಯಿಂದ ಲಿವರ್ ಗಡ್ಡೆ ಸುಡುವಾಗ ಸೂಜಿತುದಿಯ ಸುತ್ತಲಿನ ಅಂಗಾಂಶ 100 ಡಿಗ್ರಿ ದಾಟಿದರೆ ಕರಕಲಾಗುತ್ತದೆ. ಇಂಪೀಡೆನ್ಸ್ (ಕರೆಂಟ್‌ಗೆ ಅಂಗಾಂಶ ಒಡ್ಡುವ ತಡೆ) ಏರಿ, ಕರೆಂಟ್ ಮುಂದೆ ಹರಿಯದೆ, ಗಡ್ಡೆಯ ಅಂಚು ಬೇಯದೇ ಉಳಿಯುತ್ತದೆ. ಸೂಜಿಯೊಳಗೆ ತಣ್ಣೀರು ಹರಿಸುವುದು ಅದಕ್ಕೇ.

ಸ್ಟೆರೈಲ್ ನೀರನ್ನು ಐಸ್ ತುಂಬಿದ ಬೇಸಿನ್‌ನಲ್ಲಿಡಿ. ಟ್ಯೂಬನ್ನು ರೋಲರ್ ಪಂಪಿಗೆ ಸರಿಯಾದ ದಿಕ್ಕಿನಲ್ಲಿ ಕೂರಿಸಿ, ಗುಳ್ಳೆಗಳೆಲ್ಲ ಹೋಗುವವರೆಗೆ ಓಡಿಸಿ. ತುದಿ 20 ಡಿಗ್ರಿಗಿಂತ ಕೆಳಗಿಳಿದ ಮೇಲೆಯೇ ಪವರ್ ಕೊಡಿ. ನಡುವೆ ತುದಿಯ ಬಿಸಿ ಏರಿತೇ? ಮೊದಲು ಟ್ಯೂಬ್ ಮಡಚಿದೆಯೇ ನೋಡಿ, ಆಮೇಲೆ ಐಸ್.

ಪಂಪ್ ಓಡುವಾಗ ಕಾಣುವ ಅಂಕಿಯನ್ನು ಗಡ್ಡೆಯ ಬಿಸಿ ಎಂದು ನಂಬಬೇಡಿ. ಅದು ತಂಪಾದ ತುದಿಯದು. ಸಾಮಾನ್ಯವಾಗಿ 12 ನಿಮಿಷದ ಸುತ್ತು ಮುಗಿದಾಗ ಪಂಪ್ ನಿಲ್ಲಿಸಿ ಓದಿ: 60 ಡಿಗ್ರಿ ಮುಟ್ಟಿಲ್ಲವೆಂದರೆ ಇನ್ನೊಂದು ಸುತ್ತು. ಸೂಜಿಯನ್ನು ಹೊರಗೆಳೆಯುವಾಗ ಪಂಪ್ ಆಫ್ ಇರಲಿ, ಪವರ್ ಆನ್ ಇರಲಿ. ಸೂಜಿ ಹೋದ ದಾರಿ ಸುಡದಿದ್ದರೆ ರಕ್ತಸ್ರಾವ, ಗಡ್ಡೆಯ ಕಣ ಹರಡುವಿಕೆ ಎರಡರದ್ದೂ ಅಪಾಯ. ಚರ್ಮದ ಹತ್ತಿರ ಬಂದಾಗ ಮಾತ್ರ ಪವರ್ ನಿಲ್ಲಿಸಿ.