ಪಾಸ್‌ಪೋರ್ಟ್ ಕಳೆದ ಮೇಲೆ ಹೆಂಡತಿಯ ವಾಸದ ಪರವಾನಗಿಯನ್ನು ಮತ್ತೆ ಸರಿಪಡಿಸಿಕೊಂಡ ಬಗೆ

ನನ್ನ ಹೆಂಡತಿ ಫಿಲಿಪ್ಪೀನ್ಸ್ ದೇಶದ ಪ್ರಜೆ. ಮಸ್ಕತ್‌ನಲ್ಲಿ ಇಬ್ಬರೂ ಕೆಲಸದಲ್ಲಿದ್ದಾಗ ಪರಿಚಯವಾಗಿ, 1954ರ ವಿಶೇಷ ವಿವಾಹ ಕಾಯ್ದೆಯಡಿ ಊರಿನಲ್ಲಿ ಮದುವೆ ನೋಂದಾಯಿಸಿಕೊಂಡು, ಈಗ ಸಿಂಧನೂರಿನ ನಮ್ಮ ಮನೆಯಲ್ಲಿ ವಾಸವಾಗಿದ್ದೇವೆ. ಭಾರತೀಯರನ್ನು ಮದುವೆಯಾದ ವಿದೇಶಿಯರಿಗೆ ಕೊಡುವ ಎಂಟ್ರಿ ವೀಸಾ, ಅಂದರೆ ಎಲ್ಲರೂ ಎಕ್ಸ್ ವೀಸಾ ಎನ್ನುವುದು, ಮತ್ತು ಅದರ ಆಧಾರದ ಮೇಲೆ ನೋಂದಣಿಯಾದ ವಾಸದ ಪರವಾನಗಿ, ಇವೆರಡೇ ಆಕೆ ಇಲ್ಲಿರುವುದಕ್ಕೆ ಕಾನೂನಿನ ಆಧಾರ. ರಾಯಚೂರಿನಿಂದ ಮಾನ್ವಿ ಮಾರ್ಗವಾಗಿ ಬರುವಾಗ ಆಕೆಯ ಕೈಚೀಲ ಕಳೆದುಹೋಗಿ, ಅದರೊಂದಿಗೆ ಪಾಸ್‌ಪೋರ್ಟ್, ಅದರಲ್ಲಿ ಅಂಟಿಸಿದ್ದ ವೀಸಾ, ಮಡಿಚಿಟ್ಟಿದ್ದ ಪರವಾನಗಿಯ ಪ್ರತಿ ಎಲ್ಲವೂ ಹೋದವು.

ಸುದ್ದಿ ತಿಳಿದ ಕೂಡಲೇ ನನ್ನ ಅವ್ವ, ಸೊಸೆಯನ್ನು ಪೊಲೀಸರು ಕರೆದುಕೊಂಡು ಹೋಗಿ ದೇಶದಿಂದ ಹೊರಗೆ ಕಳಿಸುತ್ತಾರೇನೋ ಎಂದು ಅಂಜಿದಳು. ಓದಿದವರೂ ಹಾಗೆಯೇ ಭಾವಿಸುವುದನ್ನು ಆಮೇಲೆ ಕಂಡೆ. ವಾಸ್ತವದಲ್ಲಿ ವಾಸಕ್ಕೆ ಸರಕಾರ ಕೊಟ್ಟ ಅನುಮತಿ ಅದರ ದಾಖಲೆಯಲ್ಲಿ ಹಾಗೆಯೇ ಉಳಿದಿರುತ್ತದೆ. ಆದರೆ ಆ ಅನುಮತಿ ಹಳೆಯ ಪಾಸ್‌ಪೋರ್ಟ್ ಸಂಖ್ಯೆಗೆ ಹೊಂದಿಕೊಂಡಿರುವುದರಿಂದ, ಅದನ್ನು ಹೊಸ ಸಂಖ್ಯೆಗೆ ವರ್ಗಾಯಿಸುವವರೆಗೆ ಆಕೆಯ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ವೀಸಾದ ಅವಧಿ ಮುಗಿಯುವ ಮೊದಲೇ ಈ ವರ್ಗಾವಣೆ ಆಗಬೇಕು ಎಂಬುದೇ ನಮ್ಮ ಮುಂದಿದ್ದ ಕೆಲಸ.

ಇದಕ್ಕೆ ಮೂರು ಕಡೆಯ ಕಾಗದಗಳು ಬೇಕು, ಮತ್ತು ಅವುಗಳ ಅನುಕ್ರಮವನ್ನು ತಪ್ಪಿಸುವಂತಿಲ್ಲ. ಪೊಲೀಸ್ ದಾಖಲೆಯಿಲ್ಲದೆ ರಾಯಭಾರ ಕಚೇರಿ ಹೊಸ ಪಾಸ್‌ಪೋರ್ಟ್ ಕೊಡುವುದಿಲ್ಲ. ಹೊಸ ಪಾಸ್‌ಪೋರ್ಟ್ ಇಲ್ಲದೆ ವಿದೇಶಿಯರ ನೋಂದಣಿ ಕಚೇರಿ ವೀಸಾವನ್ನು ವರ್ಗಾಯಿಸುವುದಿಲ್ಲ. ಆದ್ದರಿಂದ ಮೊದಲನೆಯ ಕಾಗದದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಅದು ಕೊನೆಯವರೆಗೂ ಬೆನ್ನು ಹತ್ತುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಅತ್ಯಂತ ಹೆಚ್ಚು ಎಚ್ಚರ ಬೇಡುವುದು ಪೊಲೀಸ್ ಠಾಣೆಯ ಆ ಒಂದು ಪುಟ.

ಠಾಣೆಗೆ ಹೋಗುವ ಮೊದಲೇ ಹಳೆಯ ಪಾಸ್‌ಪೋರ್ಟಿನ, ವೀಸಾ ಪುಟದ ಮತ್ತು ಪರವಾನಗಿಯ ನಕಲುಗಳನ್ನು ಇಮೇಲಿನಿಂದ ತೆಗೆದು ಮುದ್ರಿಸಿಕೊಂಡಿದ್ದೆವು. ಫಿಲಿಪ್ಪೀನ್ಸಿನವರ ಹೆಸರಿನಲ್ಲಿ ತಾಯಿಯ ತವರಿನ ಅಡ್ಡಹೆಸರು ನಡುವೆ ಬರುತ್ತದೆ, ತಂದೆಯ ಅಡ್ಡಹೆಸರು ಕೊನೆಯಲ್ಲಿ ಬರುತ್ತದೆ. ನಮ್ಮ ಕಡೆಯ ಹೆಸರುಗಳಿಗೆ ಒಗ್ಗಿದ ಕೈ ಇದನ್ನು ಸುಲಭವಾಗಿ ಹಿಂದುಮುಂದು ಮಾಡಿಬಿಡುತ್ತದೆ. ಬರೆದುಕೊಳ್ಳುತ್ತಿದ್ದ ಹಿರಿಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು, "ಬಾಯಿಲೆ ಹೇಳಬ್ಯಾಡ್ರಿ, ಆ ಝೆರಾಕ್ಸ್ ಇತ್ಲಾಗ ಕೊಡ್ರಿ, ನೋಡಕೋತ ಬರೀತೀನಿ" ಎಂದು ಒಂದೊಂದೇ ಅಕ್ಷರವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಬರೆದರು. ಅವರ ಆ ತಾಳ್ಮೆ ಮುಂದೆ ನಮಗೆ ಎಷ್ಟು ಉಪಕಾರ ಮಾಡಿತೆಂಬುದನ್ನು ಇಂದಿಗೂ ನೆನೆಯುತ್ತೇನೆ. ವಸ್ತು ಕಳೆದರೆ ಮೊಬೈಲಿನಲ್ಲೇ ದೂರು ದಾಖಲಿಸಿ ಸ್ವೀಕೃತಿ ಪಡೆಯುವ ಇ-ಲಾಸ್ಟ್ ವ್ಯವಸ್ಥೆ ಕರ್ನಾಟಕ ಪೊಲೀಸ್ ಇಲಾಖೆಯಲ್ಲಿದೆ. ಆದರೂ ವಿದೇಶಿ ಪಾಸ್‌ಪೋರ್ಟಿನ ವಿಷಯದಲ್ಲಿ ಠಾಣೆಯ ಮುದ್ರೆ ಮತ್ತು ಸಹಿ ಇರುವ ದಾಖಲೆಯನ್ನೇ ಪಡೆಯುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕಳವಾಗಿದೆ ಎಂದರೆ ಕೆಲಸ ಬೇಗ ಆಗುತ್ತದೆಂದು ಕೆಲವರು ಸಲಹೆ ಕೊಟ್ಟರು. ನಾವು ನಡೆದದ್ದನ್ನೇ, ಅಂದರೆ ಕಳೆದುಹೋಗಿದೆ ಎಂದೇ ಬರೆಸಿದೆವು, ಏಕೆಂದರೆ ಮುಂದಿನ ಎರಡು ಕಚೇರಿಗಳಲ್ಲಿಯೂ ಆಕೆ ಅದೇ ಮಾತನ್ನು ಸಹಿ ಹಾಕಿ ಹೇಳಬೇಕಾಗಿತ್ತು. ದೂರಿನ ಕನ್ನಡ ಭಾಗವನ್ನು ಇಂಗ್ಲಿಷಿಗೆ ಅನುವಾದಿಸಿ ನೋಟರಿಯಿಂದ ದೃಢೀಕರಿಸಿಕೊಂಡೆವು.

ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಂದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯೇ. ಹೊಸ ಪಾಸ್‌ಪೋರ್ಟಿಗೆ ಕಾಯದೆ, ದೂರಿನ ಪ್ರತಿಯೊಂದಿಗೆ ರಾಯಚೂರಿನ ಎಸ್‌ಪಿ ಕಚೇರಿಗೆ ಹೋಗಿ, ಪಾಸ್‌ಪೋರ್ಟ್ ಕಳೆದಿರುವುದನ್ನೂ ಆಕೆ ಅದೇ ವಿಳಾಸದಲ್ಲಿ ನನ್ನೊಂದಿಗೆ ವಾಸವಾಗಿರುವುದನ್ನೂ ತಿಳಿಸುವ ಪತ್ರ ಕೊಟ್ಟು ಸ್ವೀಕೃತಿ ಪಡೆದೆವು. ವೀಸಾ ಕೈಯಲ್ಲಿಲ್ಲದ ದಿನಗಳಲ್ಲಿ ಆಕೆ ಏನನ್ನೂ ಮರೆಮಾಚಿಲ್ಲ ಎಂಬುದಕ್ಕೆ ಆ ಸ್ವೀಕೃತಿಯೇ ಸಾಕ್ಷಿಯಾಗಿತ್ತು.

ಫಿಲಿಪ್ಪೀನ್ಸ್ ಪಾಸ್‌ಪೋರ್ಟಿಗೆ ಬೆರಳಚ್ಚು ಮತ್ತು ಭಾವಚಿತ್ರಕ್ಕಾಗಿ ಅರ್ಜಿದಾರರು ಖುದ್ದಾಗಿ ಹಾಜರಾಗಲೇಬೇಕು. ಹೀಗಾಗಿ ರಾಯಚೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ದೆಹಲಿಗೆ ಹೋದೆವು. ರೈಲಿನಲ್ಲಿ ಗುರುತಿಗೆ ಆಕೆಯ ಆಧಾರ್ ಕಾರ್ಡ್ ಒದಗಿತು. ಅರ್ಜಿಗೆ ಹಿಂದಿನ 12 ತಿಂಗಳುಗಳಲ್ಲಿ 182 ದಿನ ಭಾರತದಲ್ಲಿ ವಾಸವಿದ್ದ ವಿದೇಶಿಯರಿಗೂ ಆಧಾರ್ ಸಿಗುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ರಾಯಭಾರ ಕಚೇರಿಗೆ ಪಾಸ್‌ಪೋರ್ಟ್ ಹೇಗೆ ಕಳೆಯಿತೆಂಬ ಅಫಿಡವಿಟ್, ಪೊಲೀಸ್ ದಾಖಲೆ ಮತ್ತು ಆಕೆಯ ದೇಶದ ಅಂಕಿಅಂಶ ಪ್ರಾಧಿಕಾರ ಕೊಡುವ ಜನನ ಪ್ರಮಾಣಪತ್ರವನ್ನು ಕೊಟ್ಟೆವು. ಅವಧಿ ಇರುವಾಗಲೇ ಪಾಸ್‌ಪೋರ್ಟ್ ಕಳೆದಿದ್ದರೆ ಅವರ ನಿಯಮದಂತೆ 15 ದಿನಗಳ ಪರಿಶೀಲನಾ ಅವಧಿ ಇರುತ್ತದೆ. ಅದು ಮುಗಿದ ಮೇಲೆಯೇ ಪುಸ್ತಕ ಮುದ್ರಣಕ್ಕೆ ಹೋಗುತ್ತದೆ, ಮುದ್ರಣವೂ ಫಿಲಿಪ್ಪೀನ್ಸಿನಲ್ಲಿಯೇ ಆಗುತ್ತದೆ. ಈ ಸಂದರ್ಭದಲ್ಲಿ ಮದುವೆಯ ನಂತರದ ಹೆಸರನ್ನೂ ಸೇರಿಸಬಹುದಲ್ಲವೇ ಎಂದು ಬಂಧುಗಳು ಕೇಳಿದರು. ಹೆಸರು ಬದಲಾದರೆ ವೀಸಾದ ಹೆಸರಿಗೂ ಹೊಸ ಪಾಸ್‌ಪೋರ್ಟಿನ ಹೆಸರಿಗೂ ತಾಳೆಯಾಗದು ಎಂಬ ಕಾರಣಕ್ಕೆ ಹಳೆಯ ಹೆಸರನ್ನೇ ಉಳಿಸಿಕೊಂಡೆವು. ಹಾಗೆಯೇ ಉಳಿಸಿಕೊಳ್ಳಿರೆಂದು ಇದೇ ಸ್ಥಿತಿಯಲ್ಲಿರುವ ಎಲ್ಲರಿಗೂ ಹೇಳುತ್ತೇನೆ.

ಕಾಯುತ್ತಿದ್ದ ಆ ದಿನಗಳಲ್ಲಿ ಆಕೆಯ ತಂದೆಗೆ ಕಾಯಿಲೆ ಹೆಚ್ಚಾಯಿತು. ತುರ್ತು ಪ್ರಯಾಣ ಪತ್ರ ಪಡೆದು, ಇಲ್ಲಿ ನಿರ್ಗಮನ ಅನುಮತಿ ತೆಗೆದುಕೊಂಡು ತವರಿಗೆ ಹೋಗಲು ದಾರಿಯೇನೋ ಇತ್ತು. ಆದರೆ ಆ ಪತ್ರ ಒಮ್ಮುಖ ಪ್ರಯಾಣಕ್ಕೆ ಮಾತ್ರ. ಮರಳಿ ಬರಬೇಕಾದರೆ ಮನಿಲಾದ ಭಾರತೀಯ ರಾಯಭಾರ ಕಚೇರಿಯಿಂದ ಹೊಸದಾಗಿ ವೀಸಾ ಪಡೆದು, ಇಲ್ಲಿ ಮೊದಲಿನಿಂದ ನೋಂದಣಿ ಮಾಡಿಸಬೇಕಾಗುತ್ತಿತ್ತು. ಹಿರಿಯರ ಸ್ಥಿತಿ ತೀರ ಗಂಭೀರವಾಗಿದ್ದರೆ ಕಾನೂನಿನ ಲೆಕ್ಕ ಬಿಟ್ಟು ಹೋಗಬೇಕೆಂದೇ ನಾನು ಹೇಳಿದ್ದೆ. ದಿನವೂ ವಿಡಿಯೊ ಕರೆಯಲ್ಲಿ ತಂದೆಯ ಮುಖ ನೋಡಿ ಮಾತನಾಡಿ, ಕಾಯುವ ನಿರ್ಧಾರವನ್ನು ಆಕೆಯೇ ತೆಗೆದುಕೊಂಡಳು. ಅವರು ಚೇತರಿಸಿಕೊಂಡರು.

ಹೊಸ ಪಾಸ್‌ಪೋರ್ಟ್ ಬಂದ ಮೇಲಿನ ಕೆಲಸ ಹೆಚ್ಚು ಕಠಿಣವಲ್ಲ. 2018ರಿಂದ ವಿದೇಶಿಯರ ನೋಂದಣಿ ಕಚೇರಿಗಳ ಇ-ಎಫ್‌ಆರ್‌ಆರ್‌ಒ ಜಾಲತಾಣದ ಮೂಲಕ ಈ ಸೇವೆಗಳು ಮನೆಯಿಂದಲೇ ಸಿಗುತ್ತವೆ. ಆಕೆಯ ಹೆಸರಿನಲ್ಲಿದ್ದ ಖಾತೆಯಿಂದ, ಕಳೆದ ಪಾಸ್‌ಪೋರ್ಟಿನ ಬದಲಿಗೆ ಹೊಸದಕ್ಕೆ ವೀಸಾ ವರ್ಗಾಯಿಸುವ ಅರ್ಜಿ ಹಾಕಿ, ಪೊಲೀಸ್ ದಾಖಲೆ, ಹಳೆಯ ಮತ್ತು ಹೊಸ ಪಾಸ್‌ಪೋರ್ಟಿನ ಪುಟಗಳು, ಹಿಂದಿನ ಪರವಾನಗಿ, ಮದುವೆ ಪ್ರಮಾಣಪತ್ರ, ವಿಳಾಸದ ಪುರಾವೆ ಹಾಗೂ ಗಂಡನಾಗಿ ನಾನು ಕೊಟ್ಟ ಜವಾಬ್ದಾರಿ ಪತ್ರ ಇವೆಲ್ಲವನ್ನೂ ಸೇರಿಸಿದೆವು. ಜವಾಬ್ದಾರಿ ಪತ್ರದಲ್ಲಿ ಸಹಿಯ ದಿನಾಂಕ ಸ್ಪಷ್ಟವಿಲ್ಲವೆಂದು ಜಾಲತಾಣದಲ್ಲೇ ಪ್ರಶ್ನೆ ಬಂದಿತು. ಸರಿಪಡಿಸಿ ಮತ್ತೆ ಹಾಕಿದೆವು. ಅರ್ಜಿ ಹಾಕಿ ಸುಮ್ಮನಿರದೆ ದಿನಕ್ಕೊಮ್ಮೆ ಖಾತೆ ತೆರೆದು ನೋಡುವುದು ಅಗತ್ಯ, ಏಕೆಂದರೆ ಇಂತಹ ಪ್ರಶ್ನೆಗೆ ಉತ್ತರ ಹೋಗದಿದ್ದರೆ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ನಂತರ ಠಾಣೆಯವರು ಮನೆಗೆ ಬಂದು ವಿಚಾರಿಸಿದರು. ಅವ್ವ ಅವರಿಗೆ ಚಹಾ ಕೊಟ್ಟು, ಸೊಸೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿತದ್ದನ್ನೂ ಹೇಳಿದಳು. ಹೊಸ ಪಾಸ್‌ಪೋರ್ಟ್ ಸಂಖ್ಯೆಯುಳ್ಳ ವಾಸದ ಪರವಾನಗಿ ಇಮೇಲಿಗೆ ಬಂದಿತು.

ಕಾನೂನಿನ ಬಗ್ಗೆ ಒಂದು ಮಾತು. 1939ರ ವಿದೇಶಿಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶಿಯರ ಕಾಯ್ದೆ ಈಗ ಜಾರಿಯಲ್ಲಿಲ್ಲ; 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಅವುಗಳ ಸ್ಥಾನಕ್ಕೆ ಬಂದಿದೆ. ಆದ್ದರಿಂದ ಹಳೆಯ ಕಾಯ್ದೆಗಳ ಹೆಸರಿರುವ ಮಾದರಿ ಅರ್ಜಿಗಳನ್ನು ಯಾರಾದರೂ ಕೊಟ್ಟರೆ ಹಾಗೆಯೇ ನಕಲು ಮಾಡಬಾರದು. ಕಳೆದ ಪಾಸ್‌ಪೋರ್ಟ್ ಮುಂದೆಂದಾದರೂ ಸಿಕ್ಕರೂ ಅದು ರದ್ದಾದ ಪುಸ್ತಕವೇ. ಅದರ ಮೇಲೆ ಪ್ರಯಾಣ ಮಾಡುವಂತಿಲ್ಲ, ರಾಯಭಾರ ಕಚೇರಿಗೆ ಒಪ್ಪಿಸಬೇಕು.

ನಾವು ಈಗ ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಪ್ರಜೆ ಎಂಬ ಕಾರ್ಡಿಗೆ ಅರ್ಜಿ ಸಿದ್ಧಪಡಿಸುತ್ತಿದ್ದೇವೆ. ಪೌರತ್ವ ಕಾಯ್ದೆಯ 7ಎ ಸೆಕ್ಷನ್ ಪ್ರಕಾರ ನೋಂದಾಯಿತ ಮದುವೆ ಅರ್ಜಿಗೆ ಮೊದಲು ಎರಡು ವರ್ಷ ನಿರಂತರವಾಗಿ ಮುಂದುವರಿದಿರಬೇಕು. ನಮ್ಮದು ಆ ಅವಧಿ ದಾಟಿದೆ. ಆ ಕಾರ್ಡ್ ಬಂದ ಮೇಲೆ ವೀಸಾ ವಿಸ್ತರಣೆಯ ಚಿಂತೆ ಇರುವುದಿಲ್ಲ. ಆದರೆ ಮದುವೆಯ ಆಧಾರದ ಮೇಲೆ ಒಸಿಐ ಪಡೆದವರು ಹೊಸ ಪಾಸ್‌ಪೋರ್ಟ್ ಪಡೆದಾಗಲೆಲ್ಲ ಅದರ ಪ್ರತಿಯನ್ನೂ ಮದುವೆ ಮುಂದುವರಿದಿದೆ ಎಂಬ ಘೋಷಣೆಯನ್ನೂ ಮೂರು ತಿಂಗಳೊಳಗೆ ಆನ್‌ಲೈನ್‌ನಲ್ಲಿ ಸಲ್ಲಿಸಬೇಕಾಗುತ್ತದೆ.