ಪುಣೆಯ ಕಾರಿಗೆ ಮೈಸೂರಿನ ನಂಬರ್: ಮರುನೋಂದಣಿ ಮತ್ತು ತೆರಿಗೆಯ ನನ್ನ ಅನುಭವ

ಉದ್ಯೋಗದ ನಿಮಿತ್ತ ಪುಣೆಯಲ್ಲಿದ್ದಾಗ ಕೊಂಡ ಕಾರನ್ನು ಮೈಸೂರಿಗೆ ತಂದು, ಎಂಎಚ್ 12 ಎಂದು ಆರಂಭವಾಗುವ ನಂಬರಿನ ಬದಲು ಕೆಎ ನಂಬರ್ ಪಡೆಯುವ ಕೆಲಸವನ್ನು ಏಜೆಂಟರ ನೆರವಿಲ್ಲದೆ ನಾನೇ ಮಾಡಿಕೊಂಡೆ. ಇದರಲ್ಲಿ ಕಷ್ಟವಿರುವುದು ಅರ್ಜಿ ತುಂಬುವುದರಲ್ಲಲ್ಲ, ಕಾಗದಗಳ ಸರದಿಯಲ್ಲಿ. ಬ್ಯಾಂಕಿನ ಪತ್ರವಿಲ್ಲದೆ ಹಳೆಯ ರಾಜ್ಯದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಇಲ್ಲ, ಎನ್‌ಒಸಿ ಇಲ್ಲದೆ ಇಲ್ಲಿ ತಪಾಸಣೆಯಿಲ್ಲ, ತೆರಿಗೆ ಕಟ್ಟದೆ ಹೊಸ ಆರ್‌ಸಿ (ನೋಂದಣಿ ಪ್ರಮಾಣಪತ್ರ) ಇಲ್ಲ, ಹೊಸ ಆರ್‌ಸಿ ಕೈಗೆ ಬಾರದೆ ಹಳೆಯ ರಾಜ್ಯದ ತೆರಿಗೆ ಮರುಪಾವತಿಯೂ ಇಲ್ಲ.

ಮೊದಲು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಮಿನ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನವು ದೇಶದ ಬೇರೆಡೆ ಮತ್ತೆ ನೋಂದಣಿಯಾಗಬೇಕಿಲ್ಲ. ಆದರೆ 47ನೇ ಕಲಮಿನಂತೆ, ವಾಹನವನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿನ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಹಾಕಲೇಬೇಕು. ಗಡಿ ದಾಟಿದ ಮರುದಿನವೇ ನಂಬರ್ ಬದಲಿಸಬೇಕೆಂದು ಹೆದರಿಸುವವರೂ ಇದ್ದಾರೆ, ಎಷ್ಟು ವರ್ಷವಾದರೂ ಯಾರೂ ಕೇಳುವುದಿಲ್ಲ ಎಂದು ಧೈರ್ಯ ಹೇಳುವವರೂ ಇದ್ದಾರೆ. ಇಬ್ಬರ ಮಾತನ್ನೂ ನಂಬಬೇಕಾಗಿಲ್ಲ. ಕಾರು ರಾಜ್ಯದೊಳಗೆ ಬಂದ ದಿನಕ್ಕೆ ಪುರಾವೆ ಕೈಯಲ್ಲಿರಲಿ ಎಂದು ನಾನು ಫಾಸ್ಟ್ಯಾಗ್ ಖಾತೆಯ ವಿವರವನ್ನು ಮುದ್ರಿಸಿಟ್ಟುಕೊಂಡಿದ್ದೆ. ಯಾವ ಟೋಲ್ ಗೇಟನ್ನು ಯಾವ ದಿನ, ಎಷ್ಟು ಹೊತ್ತಿಗೆ ದಾಟಿದೆವೆಂಬುದು ಅದರಲ್ಲಿ ಇರುತ್ತದೆ.

ಕಾರಿನ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೆಯೇ ಉಳಿದಿತ್ತು. ಕಂತು ಮುಗಿದ ಕೂಡಲೇ ಆ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿನಿಂದ ಸಾಲ ತೀರಿದ ಪತ್ರವನ್ನೂ, ಸಹಿ ಮತ್ತು ಮೊಹರು ಇರುವ ನಮೂನೆ 35ನ್ನೂ ಪಡೆದು, ಹೈಪಾಥಿಕೇಶನ್ (ಸಾಲಕ್ಕೆ ಕಾರಿನ ಅಡಮಾನ) ರದ್ದತಿಯನ್ನು ಮೊದಲು ಮುಗಿಸಿ, ಅನಂತರವೇ ನಮೂನೆ 28ರಲ್ಲಿ ಎನ್‌ಒಸಿಗೆ ಅರ್ಜಿ ಸಲ್ಲಿಸಿದೆ. ಸಾಲ ಇನ್ನೂ ನಡೆಯುತ್ತಿದ್ದರೂ ಎನ್‌ಒಸಿ ಸಿಗುತ್ತದೆ, ಆದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಬೇಕು. ನನ್ನ ಪರಿಚಿತರೊಬ್ಬರ ಹಣಕಾಸು ಸಂಸ್ಥೆ ಆ ಒಂದು ಹಾಳೆಗಾಗಿ ಅವರನ್ನು ಶಾಖೆಯಿಂದ ಶಾಖೆಗೆ ಅಲೆಸಿದ್ದನ್ನು ಕಂಡಿದ್ದೆ. ಬಾಕಿ ಇದ್ದ ಇ-ಚಲನ್ ದಂಡವನ್ನು ಅರ್ಜಿಗೆ ಮೊದಲೇ ಕಟ್ಟಿ ರಸೀದಿ ಇಟ್ಟುಕೊಂಡೆ. ವಾಹನದ ಮೇಲೆ ಕಳವಿನ ಪ್ರಕರಣವಿಲ್ಲವೆಂಬ ವರದಿಯೂ ಎನ್‌ಒಸಿಗೆ ಅಗತ್ಯ.

ಎನ್‌ಒಸಿಯಲ್ಲಿ ವಾಹನ ಯಾವ ಕಚೇರಿಗೆ ಹೋಗುತ್ತದೆಂಬುದನ್ನು ನಮೂದಿಸುತ್ತಾರೆ. ಮೈಸೂರಿನಲ್ಲಿ ಪಶ್ಚಿಮಕ್ಕೆ ಕೆಎ 09, ಪೂರ್ವಕ್ಕೆ ಕೆಎ 55 ಎಂದು ಎರಡು ಕಚೇರಿಗಳಿವೆ. ಬಾಡಿಗೆ ಕರಾರಿನಲ್ಲಿರುವ ವಿಳಾಸ ಯಾವುದರ ವ್ಯಾಪ್ತಿಗೆ ಬರುತ್ತದೆಂದು ತಿಳಿದುಕೊಂಡೇ ಅರ್ಜಿಯಲ್ಲಿ ಆ ಕಚೇರಿಯ ಹೆಸರು ಬರೆದೆ. ಮನೆ ಗೊತ್ತುಮಾಡುವ ಮೊದಲೇ ಎನ್‌ಒಸಿ ತೆಗೆಸಿಬಿಡುವ ಅವಸರ ಬೇಡವೆನ್ನುವುದು ಇದೇ ಕಾರಣಕ್ಕೆ.

ಈ ನಮೂನೆಗಳಿಗೆ ಬೇಕಾಗುವ, ಚಾಸಿಸ್ ನಂಬರಿನ (ಕಾರಿನ ಚೌಕಟ್ಟಿನ ಮೇಲೆ ಕೊರೆದ ಗುರುತಿನ ಸಂಖ್ಯೆಯ) ಪೆನ್ಸಿಲ್ ಪ್ರಿಂಟ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ಈ ಸಣ್ಣ ಕೆಲಸಕ್ಕೇ ಹೊರಗೆ ಕುಳಿತವರು ಹಣ ಕೇಳುತ್ತಾರೆ. ನನ್ನ ಕಾರಿನಲ್ಲಿ ಆ ಸಂಖ್ಯೆ ಮುಂದಿನ ಸೀಟಿನ ಕೆಳಗೆ, ನೆಲಹಾಸಿನಲ್ಲಿ ಕತ್ತರಿಸಿಟ್ಟ ಮಡಿಕೆಯ ಅಡಿಯಲ್ಲಿದೆ. ಬೇರೆ ಮಾದರಿಗಳಲ್ಲಿ ಬಾನೆಟ್ಟಿನ ಒಳಗೋಡೆಯ ಮೇಲೆಯೂ ಇರಬಹುದು. ಒಣಬಟ್ಟೆಯಿಂದ ಧೂಳು ಒರೆಸಿ, ತೆಳುವಾದ ಕಾಗದವನ್ನು ಅದರ ಮೇಲೆ ಬಿಗಿಯಾಗಿ ಒತ್ತಿ ಹಿಡಿದು, ಮೆದು ಪೆನ್ಸಿಲಿನ ಮೊನೆಯನ್ನಲ್ಲ, ಓರೆಯನ್ನು ಒಂದೇ ದಿಕ್ಕಿನಲ್ಲಿ ಉಜ್ಜಿದರೆ ಅಕ್ಷರಗಳು ಮೂಡುತ್ತವೆ. ಕಾಗದ ಕೂದಲೆಳೆಯಷ್ಟು ಜಾರಿದರೂ ಅಕ್ಷರಗಳು ಜೋಡಿಯಾಗಿ ಕಾಣುತ್ತವೆ, ಅಂಥ ಪ್ರಿಂಟನ್ನು ಒಪ್ಪುವುದಿಲ್ಲ. ಒಟ್ಟು 17 ಅಕ್ಷರ ಮತ್ತು ಅಂಕಿಗಳಿರಬೇಕು. ಈ ಸಂಖ್ಯೆಯಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳನ್ನು ಬಳಸುವುದೇ ಇಲ್ಲವಾದ್ದರಿಂದ ದುಂಡಗೆ ಕಂಡದ್ದು ಸೊನ್ನೆಯೇ, ನೆಟ್ಟಗೆ ಕಂಡದ್ದು ಒಂದೇ. ಅರ್ಜಿಯಲ್ಲಿ ಬರೆದದ್ದನ್ನು ಆರ್‌ಸಿಯೊಂದಿಗೂ ಪ್ರಿಂಟಿನೊಂದಿಗೂ ಹೋಲಿಸಿ ನೋಡಿದೆ. ಹಲವು ಪ್ರತಿಗಳನ್ನು ಒಮ್ಮೆಗೇ ತೆಗೆದಿಟ್ಟುಕೊಂಡರೆ ಮುಂದಿನ ನಮೂನೆಗಳಿಗೂ ಆಗುತ್ತವೆ.

ಎನ್‌ಒಸಿ ಬಂದ ಮೇಲೆ ವಾಹನ್ ಜಾಲತಾಣದಲ್ಲಿ ಹೊಸ ನೋಂದಣಿ ಸಂಖ್ಯೆಗಾಗಿ ನಮೂನೆ 27ರ ಅರ್ಜಿ ಸಲ್ಲಿಸಿ, ವಿಳಾಸ ಬದಲಾವಣೆಗಾಗಿ ನಮೂನೆ 33ನ್ನೂ ಜೊತೆಗೂಡಿಸಿದೆ. ಕಾರು ಈಗಾಗಲೇ ನನ್ನ ಹೆಸರಿನಲ್ಲಿದ್ದುದರಿಂದ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30 ನನಗೆ ಬೇಕಾಗಲಿಲ್ಲ. ಹೊರರಾಜ್ಯದ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಿಗೆ ಅವೂ ಬೇಕು, ಮಾರಿದವರ ಸಹಿಯನ್ನು ಹಣ ಕೊಡುವ ದಿನವೇ ಹಾಕಿಸಿಕೊಳ್ಳುವುದು ಕ್ಷೇಮ. ವಾಹನ ನಿರೀಕ್ಷಕರು ಕಾರನ್ನು ಕಣ್ಣಾರೆ ನೋಡಿ ಚಾಸಿಸ್ ಮತ್ತು ಎಂಜಿನ್ ನಂಬರುಗಳನ್ನು ತಾಳೆ ನೋಡುತ್ತಾರೆ. ವಿಮೆಯೂ ಹೊಗೆ ತಪಾಸಣೆಯ ಪ್ರಮಾಣಪತ್ರವೂ ಆ ದಿನಕ್ಕೆ ಚಾಲ್ತಿಯಲ್ಲಿರಬೇಕು.

ಇನ್ನು ತೆರಿಗೆ. ಎನ್‌ಒಸಿಗೂ ಹೊಸ ನಂಬರಿಗೂ ಆಗುವ ಸರ್ಕಾರಿ ಶುಲ್ಕ ಇದರ ಮುಂದೆ ಲೆಕ್ಕಕ್ಕೇ ಇಲ್ಲ. 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆಯಡಿ ಖಾಸಗಿ ಕಾರುಗಳಿಗೆ ಜೀವಾವಧಿ ತೆರಿಗೆಯಿದ್ದು, ನಾನು ಕಟ್ಟಿದಾಗ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಬೆಲೆ 5 ಲಕ್ಷ ರೂಪಾಯಿವರೆಗೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17, ಅದಕ್ಕೂ ಮೇಲ್ಪಟ್ಟರೆ ಶೇ. 18ರ ದರವಿತ್ತು, ಅದರ ಮೇಲೆ ಸೆಸ್ ಬೇರೆ. ಇಲ್ಲಿ ಬೆಲೆಯೆಂದರೆ ಕಾರಿನ ಇಂದಿನ ಮಾರುಕಟ್ಟೆ ಬೆಲೆಯೂ ಅಲ್ಲ, ವಿಮಾ ಪಾಲಿಸಿಯಲ್ಲಿರುವ ಮೌಲ್ಯವೂ ಅಲ್ಲ. ಹೊಸದಾಗಿ ಕೊಂಡಾಗಿನ ಇನ್‌ವಾಯ್ಸ್ ಬೆಲೆ. ಕಾರಿನ ವಯಸ್ಸಿಗೆ ಸಿಗುವ ರಿಯಾಯಿತಿ ಆ ತೆರಿಗೆಯ ಮೊತ್ತದ ಮೇಲೆ, ಅದೂ ನಿಧಾನವಾಗಿ ಇಳಿಯುವಂಥದ್ದು: ಎರಡು ವರ್ಷ ಮೀರದ ಕಾರಿಗೆ ಹೊಸ ಕಾರಿನ ತೆರಿಗೆಯ ಶೇ. 93ರಷ್ಟು ಕಟ್ಟಬೇಕು. ಉದಾಹರಣೆಗೆ 9 ಲಕ್ಷ ರೂಪಾಯಿಯ ಕಾರಿಗೆ ಶೇ. 14ರಂತೆ 1,26,000 ರೂಪಾಯಿ, ಅದರ ಶೇ. 93 ಎಂದರೆ 1,17,180 ರೂಪಾಯಿ, ಮೇಲೆ ಸೆಸ್. ದರವು ಪೂರ್ತಿ ಬೆಲೆಗೆ ಅನ್ವಯಿಸುವುದರಿಂದ 10 ಲಕ್ಷದ ಗಡಿಯಲ್ಲಿರುವವರು ಇನ್‌ವಾಯ್ಸನ್ನು ಗಮನವಿಟ್ಟು ನೋಡಬೇಕು. 10 ಲಕ್ಷದ ಕಾರಿಗೆ 1,40,000 ರೂಪಾಯಿ ಆದರೆ 10,10,000 ರೂಪಾಯಿಯ ಕಾರಿಗೆ 1,71,700 ರೂಪಾಯಿ ಆಗುತ್ತದೆ. ಮೂಲ ಇನ್‌ವಾಯ್ಸ್ ಕಳೆದುಹೋಗಿದ್ದರೆ ಶೋರೂಮಿನಿಂದ ದೃಢೀಕೃತ ಪ್ರತಿ ತರಿಸಿಕೊಳ್ಳುವುದು ಒಳ್ಳೆಯದು.

ಒಂದೇ ಕಾರಿಗೆ ಎರಡು ರಾಜ್ಯಗಳಲ್ಲಿ ತೆರಿಗೆ ಕಟ್ಟುವುದು ಅನ್ಯಾಯವೆಂದು ಕೌಂಟರಿನ ಮುಂದೆ ವಾದಿಸುವವರನ್ನು ಕಂಡಿದ್ದೇನೆ. ಅವರ ಸಿಟ್ಟು ಸಹಜವಾದರೂ ಜಾಗ ಅದಲ್ಲ, ಏಕೆಂದರೆ ಅಲ್ಲಿ ಕಟ್ಟಿದ್ದನ್ನು ಇಲ್ಲಿ ಮುರಿದುಕೊಳ್ಳುವ ಏರ್ಪಾಡೇ ಇಲ್ಲ. ಇಲ್ಲಿ ಕಟ್ಟಿ, ಅಲ್ಲಿ ವಾಪಸು ಕೇಳಬೇಕು. ಪದೇ ಪದೇ ವರ್ಗವಾಗುವವರಿಗೆ 2021ರ ಸೆಪ್ಟೆಂಬರಿನಿಂದ ಬಿಎಚ್ ಸರಣಿಯ, ಅಂದರೆ ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲದ ನೋಂದಣಿಯ, ದಾರಿಯಿದೆ. ಸರ್ಕಾರಿ ನೌಕರರಿಗೂ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿಯಿರುವ ಖಾಸಗಿ ಸಂಸ್ಥೆಗಳ ನೌಕರರಿಗೂ ಅದು ಸಿಗುತ್ತದೆ, ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು. ನಾನು ಮೈಸೂರಿನಲ್ಲೇ ನೆಲೆಸಲು ಬಂದವನಾದ್ದರಿಂದ ಆ ಗೋಜಿಗೆ ಹೋಗಲಿಲ್ಲ.

ಹೊಸ ನಂಬರ್ ಬಂದ ಮೇಲೂ ಕೆಲಸವಿರುತ್ತದೆ. ಅತಿ ಸುರಕ್ಷಿತ ನೋಂದಣಿ ಫಲಕ, ಅಂದರೆ ಎಚ್‌ಎಸ್‌ಆರ್‌ಪಿ, ಹಳೆಯದನ್ನು ಒಪ್ಪಿಸಿ ಹೊಸದನ್ನು ಹಾಕಿಸಬೇಕು. ಮುಂದಿನ ಗಾಜಿನ ಒಳಬದಿಗೆ ಅಂಟಿಸುವ, ಪೆಟ್ರೋಲಿಗೆ ತಿಳಿನೀಲಿ ಮತ್ತು ಡೀಸೆಲಿಗೆ ಕಿತ್ತಳೆ ಬಣ್ಣದ ಸ್ಟಿಕ್ಕರಿನಲ್ಲೂ ನೋಂದಣಿ ಸಂಖ್ಯೆ ಇರುವುದರಿಂದ ಅದೂ ಬದಲಾಗಬೇಕು. ವಿಮಾ ಕಂಪನಿಗೆ ಹೊಸ ಆರ್‌ಸಿ ಕಳುಹಿಸಿ ಪಾಲಿಸಿಗೆ ತಿದ್ದುಪಡಿ ಮಾಡಿಸಿದೆ. ಫಾಸ್ಟ್ಯಾಗ್ ಖಾತೆಯಲ್ಲೂ ಹೊಸ ನಂಬರ್ ಹಾಕಿಸಿದೆ.

ಕೊನೆಯದಾಗಿ ಪುಣೆಯ ಕಚೇರಿಗೆ ಮರುಪಾವತಿಯ ಅರ್ಜಿ. ಅಲ್ಲಿ ಕಟ್ಟಿದ್ದ ತೆರಿಗೆಯ ಮೂಲ ರಸೀದಿ, ಎನ್‌ಒಸಿಯ ಪ್ರತಿ, ಕರ್ನಾಟಕದ ಹೊಸ ಆರ್‌ಸಿ, ಇಲ್ಲಿ ತೆರಿಗೆ ಕಟ್ಟಿದ ದಾಖಲೆ ಮತ್ತು ನನ್ನ ಹೆಸರಿನ ಬ್ಯಾಂಕ್ ಖಾತೆಯ ರದ್ದುಪಡಿಸಿದ ಚೆಕ್ ಇವಿಷ್ಟನ್ನೂ ಲಗತ್ತಿಸಿ, ಸ್ವೀಕೃತಿ ಪಡೆದುಕೊಂಡೆ. ಪೂರ್ತಿ ಹಣ ಮರಳುವುದಿಲ್ಲ, ಕಾರು ಅಲ್ಲಿ ಓಡಿದ ಅವಧಿಯನ್ನು ಕಳೆದು ಉಳಿದ ಭಾಗವಷ್ಟೇ ಬರುತ್ತದೆ. ಹಳೆಯ ಆರ್‌ಸಿಯನ್ನು ಮೈಸೂರಿನಲ್ಲಿ ಒಪ್ಪಿಸಿಬಿಟ್ಟಿರುತ್ತೇವಾದ್ದರಿಂದ ಅದರ ಎರಡೂ ಬದಿಯ ಪ್ರತಿಯನ್ನು ಒಪ್ಪಿಸುವ ಮೊದಲೇ ತೆಗೆದಿಟ್ಟುಕೊಂಡಿದ್ದೆ, ಪುಣೆಯ ಗುಮಾಸ್ತರು ಮೊದಲು ಕೇಳಿದ್ದೂ ಅದನ್ನೇ.